ಅಪ್ಪ ಒಂದು ಊರು, ಅಮ್ಮ ಒಂದು ಊರು: ಫಾಫ್ಸಾ ಅರ್ಜಿಯಲ್ಲಿ ಯಾರ ಹೆಸರು?

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು. ಫಾಫ್ಸಾ ಹಾಕಿದ್ರಾ? ಕಾಲೇಜಿನ ಖರ್ಚಿಗೆ ಕೇಂದ್ರ ಸರ್ಕಾರದ ನೆರವು ಬೇಕೆಂದರೆ ಈ ಅರ್ಜಿ ಹಾಕಲೇಬೇಕು. ಅಪ್ಪ, ಅಮ್ಮ ಒಂದೇ ಮನೆಯಲ್ಲಿದ್ದರೆ ಒಂದು ಸಂಜೆ ಕೂತು ಮುಗಿಸಬಹುದಾದ ಕೆಲಸ ಇದು. ಬೇರೆಯಾಗಿದ್ದರೆ ಪೋಷಕರ ಭಾಗಕ್ಕೆ ಬಂದ ಕೂಡಲೇ ಕೈ ನಿಲ್ಲುತ್ತದೆ. ಯಾರ ಹೆಸರು ಬರೆಯುವುದು? ಅಪ್ಪನದ್ದಾ, ಅಮ್ಮನದ್ದಾ, ಇಬ್ಬರದ್ದೂ?

ಬೇ ಏರಿಯಾ, ನ್ಯೂಜೆರ್ಸಿ, ಟೆಕ್ಸಾಸ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲೂ ಈ ಪ್ರಶ್ನೆ ಇದೆ. ಆದರೆ ನಮ್ಮಲ್ಲಿ ಡಿವೋರ್ಸ್ ವಿಷಯವನ್ನು ಹೊರಗೆ ಯಾರೂ ಮಾತಾಡುವುದಿಲ್ಲ. ಹಾಗಾಗಿ ಹದಿನೇಳು ವರ್ಷದ ಹುಡುಗಿ ಒಬ್ಬಳೇ ಕೂತು, ಊಹೆ ಮಾಡಿ, ಒಂದು ಹೆಸರು ಹಾಕಿ ಕಳಿಸಿಬಿಡುತ್ತಾಳೆ. ಊಹೆ ತಪ್ಪಿದರೆ ಸಾವಿರಾರು ಡಾಲರ್ ವ್ಯತ್ಯಾಸವಾಗುತ್ತದೆ. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕೇಂದ್ರದ ನೆರವು ಸಿಗುವುದು ವಿದ್ಯಾರ್ಥಿ ಅಮೆರಿಕದ ನಾಗರಿಕರಾಗಿದ್ದರೆ, ಗ್ರೀನ್ ಕಾರ್ಡ್ ಇದ್ದರೆ, ಅಥವಾ ಕಾನೂನು ಹೆಸರಿಸಿದ ಇನ್ನು ಕೆಲವು ವರ್ಗಗಳಲ್ಲಿ ಇದ್ದರೆ ಮಾತ್ರ. ಪೋಷಕರ ಕೆಲಸದ ವೀಸಾ ಮೇಲೆ ಬರುವ ಎಚ್-4 ಅಥವಾ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವ ಮಕ್ಕಳಿಗೆ ಇದು ಸಿಗುವುದಿಲ್ಲ. ಆದರೆ ಪೋಷಕರ ವೀಸಾ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಮಗು ಇಲ್ಲಿ ಹುಟ್ಟಿ ನಾಗರಿಕಳಾಗಿದ್ದು, ಅಮ್ಮ ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೂ ಅರ್ಜಿ ಹಾಕಬಹುದು.

ಫಾರ್ಮು ಕೇಳುವುದು ಕಸ್ಟಡಿ ಅಲ್ಲ, ಖರ್ಚು

ಹಳೆಯ ನಿಯಮ ಬಹಳ ಜನರ ತಲೆಯಲ್ಲಿ ಇನ್ನೂ ಕೂತಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಮಗು ಯಾರ ಮನೆಯಲ್ಲಿ ಜಾಸ್ತಿ ದಿನ ಇತ್ತೋ ಅವರೇ ಫಾಫ್ಸಾದ ಪೋಷಕರು, ಅಂದರೆ ಅರ್ಜಿಯಲ್ಲಿ ಹೆಸರು, ಆದಾಯ ಬರೆಯಬೇಕಾದವರು ಎಂಬುದು ಆ ನಿಯಮ. ಅಣ್ಣನಿಗೋ ಅಕ್ಕನಿಗೋ ಐದಾರು ವರ್ಷದ ಹಿಂದೆ ಅರ್ಜಿ ತುಂಬಿದವರು ಈಗಲೂ ಅದನ್ನೇ ಹೇಳುತ್ತಾರೆ. ಅದು ಈಗ ಇಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಫಾಫ್ಸಾವನ್ನು ಸರಳ ಮಾಡುವ ಕಾನೂನು ತಂದಿತು. 2024-25ರ ಅರ್ಜಿಯಿಂದ ಹೊಸ ನಿಯಮ ಜಾರಿಗೆ ಬಂತು.

ಹೊಸ ನಿಯಮ ಹೀಗಿದೆ. ಅರ್ಜಿ ಹಾಕುವ ದಿನದಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ಮಗುವಿಗೆ ಯಾರು ಜಾಸ್ತಿ ಹಣ ಖರ್ಚು ಮಾಡಿದ್ದಾರೋ ಅವರೇ ಫಾಫ್ಸಾದ ಪೋಷಕರು. ಇಬ್ಬರದೂ ಸಮ ಇದ್ದರೆ ಯಾರ ಆದಾಯ, ಆಸ್ತಿ ಜಾಸ್ತಿಯೋ ಅವರು. ಅಷ್ಟೇ. ಕೋರ್ಟು ಕಸ್ಟಡಿ ಯಾರಿಗೆ ಕೊಟ್ಟಿದೆ ಎಂದು ಫಾರ್ಮು ನೋಡುವುದಿಲ್ಲ. ಟ್ಯಾಕ್ಸ್ ರಿಟರ್ನ್‌ನಲ್ಲಿ ಮಗುವನ್ನು ಯಾರು ತೋರಿಸಿಕೊಂಡರು ಎಂಬುದೂ ಲೆಕ್ಕಕ್ಕಿಲ್ಲ. ಶಾಲೆಯ ದಾಖಲೆಯಲ್ಲಿ ಯಾರ ವಿಳಾಸ ಇದೆ ಎಂಬುದೂ ಅಷ್ಟೇ.

ಖರ್ಚು ಎಂದರೆ ಬರೀ ಫೀಸು ಅಲ್ಲ. ಮನೆ, ಊಟ, ಬಟ್ಟೆ, ಕಾರು, ವೈದ್ಯಕೀಯ ಖರ್ಚು, ಆರೋಗ್ಯ ವಿಮೆ ಎಲ್ಲವೂ ಸೇರುತ್ತದೆ. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಅಪ್ಪ ತಿಂಗಳು ತಿಂಗಳು ಮಗುವಿನ ಖರ್ಚಿಗೆಂದು ಚೈಲ್ಡ್ ಸಪೋರ್ಟ್ ಹಣ ಕಳಿಸುತ್ತಾರೆ, ಅಮ್ಮ ಅದರಲ್ಲಿ ಬಾಡಿಗೆ ಕಟ್ಟುತ್ತಾರೆ ಅಂದುಕೊಳ್ಳಿ. ಆ ಹಣ ಅಪ್ಪ ಕೊಟ್ಟ ಖರ್ಚಾಗಿ ಲೆಕ್ಕಕ್ಕೆ ಬರುತ್ತದೆ. ಅಮ್ಮನ ಕೈಯಿಂದ ಹೋಯಿತು ಅಂತ ಅದು ಅಮ್ಮನದ್ದಾಗುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದರ ಬಿಸಿ ತಿಳಿಯುತ್ತದೆ. ಅಮ್ಮ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಸಂಬಳ ವರ್ಷಕ್ಕೆ 42,000 ಡಾಲರ್. ಅಪ್ಪ ಸ್ಯಾಕ್ರಮೆಂಟೋದಲ್ಲಿ, ಸಂಬಳ 1,60,000. ಮಗಳು ಅಮ್ಮನ ಜೊತೆ ಇದ್ದಾಳೆ. ಅಪ್ಪನ ಮನೆಗೆ ಹೋಗುವುದು ವಾರ ಬಿಟ್ಟು ವಾರ, ಶನಿವಾರ ಭಾನುವಾರ ಮಾತ್ರ. ಅಪ್ಪ ತಿಂಗಳಿಗೆ 1,800 ಡಾಲರ್ ಚೈಲ್ಡ್ ಸಪೋರ್ಟ್ ಕೊಡುತ್ತಾರೆ, ವರ್ಷಕ್ಕೆ 21,600 ಆಯಿತು. ವಿಮೆಗೆ ಇನ್ನೊಂದು 2,400. ಒಟ್ಟು 24,000. ಅಮ್ಮ ತನ್ನ ಸ್ವಂತ ಸಂಬಳದಿಂದ ಮಗಳಿಗಾಗಿ 15,000 ಖರ್ಚು ಮಾಡಿದ್ದಾರೆ. ಅಡುಗೆ ಮಾಡಿದ್ದು ಅಮ್ಮ, ಜ್ವರ ಬಂದಾಗ ರಾತ್ರಿಯೆಲ್ಲ ಎಚ್ಚರ ಇದ್ದದ್ದು ಅಮ್ಮ. ಆದರೂ ಫಾಫ್ಸಾದ ಪೋಷಕರು ಅಪ್ಪ.

ಹಳೆಯ ನಿಯಮದಲ್ಲಿ ಇದೇ ಹುಡುಗಿಯ ಅರ್ಜಿಯಲ್ಲಿ ಅಮ್ಮನ ಆದಾಯ ಮಾತ್ರ ಇರುತ್ತಿತ್ತು. ಇದು ದೊಡ್ಡ ವ್ಯತ್ಯಾಸ, ಯಾಕೆಂದರೆ ಪೆಲ್ ಗ್ರಾಂಟ್ ಎಂಬ, ವಾಪಸ್ ಕೊಡಬೇಕಿಲ್ಲದ ನೆರವು ಒಂಟಿ ಪೋಷಕರಿಗೆ ಸ್ವಲ್ಪ ಜಾಸ್ತಿ ಅನುಕೂಲವಾಗಿದೆ. ಒಂಟಿ ಪೋಷಕರ ಆದಾಯ ಕೇಂದ್ರದ ಬಡತನ ರೇಖೆಯ ಶೇಕಡ 225ರ ಒಳಗಿದ್ದರೆ ಪೂರ್ತಿ ಪೆಲ್ ಸಿಗುತ್ತದೆ. ಮದುವೆಯಾಗಿರುವ ಪೋಷಕರಿಗೆ ಆ ಮಿತಿ ಶೇಕಡ 175. 2026-27ಕ್ಕೆ, ತಾಯಿ ಮತ್ತು ಒಬ್ಬಳು ಮಗಳು ಇರುವ ಮನೆಗೆ ಆ ಮಿತಿ ಸುಮಾರು 46,000 ಡಾಲರ್. ಪೂರ್ತಿ ಪೆಲ್ ಎಂದರೆ ವರ್ಷಕ್ಕೆ 7,395 ಡಾಲರ್. ಅಮ್ಮನ ಹೆಸರಲ್ಲಿ ಅರ್ಜಿ ಹೋದರೆ ಇಷ್ಟೂ ಸಿಗುತ್ತದೆ. ಅಪ್ಪನ 1,60,000 ಬಿದ್ದರೆ ಪೆಲ್ ಆಸೆ ಬಿಡಬೇಕು.

ಇದು ನ್ಯಾಯವಾ? ನಿಯಮ ಮಾಡಿದವರ ಯೋಚನೆ ನನಗೆ ಅರ್ಥವಾಗುತ್ತದೆ. ಇಬ್ಬರಲ್ಲಿ ಹಣ ಇರುವವರನ್ನು ಬಿಟ್ಟು ಇಲ್ಲದವರ ಹೆಸರಲ್ಲಿ ಅರ್ಜಿ ಹಾಕುವುದು ಸರಿಯಲ್ಲ ಎಂಬುದು ಅವರ ವಾದ. ಆದರೆ ಇವತ್ತು ಚೈಲ್ಡ್ ಸಪೋರ್ಟ್ ಕೊಡುವ ಅಪ್ಪ ನಾಳೆ ಕಾಲೇಜಿಗೂ ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಆ ನಂಬಿಕೆಗೆ ಕಾನೂನಿನ ಬೆಂಬಲ ಎಲ್ಲ ಕಡೆ ಇಲ್ಲ.

ರಾಜ್ಯದಿಂದ ರಾಜ್ಯಕ್ಕೆ ಇದು ಬೇರೆ ಬೇರೆ. ನ್ಯೂಜೆರ್ಸಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 1982ರ ಒಂದು ತೀರ್ಪಿನ ಆಧಾರದ ಮೇಲೆ, ಡಿವೋರ್ಸ್ ಆದ ಪೋಷಕರು ಕಾಲೇಜಿನ ಖರ್ಚಿಗೆ ಕೈಜೋಡಿಸಬೇಕೆಂದು ಕೋರ್ಟು ಹೇಳಬಹುದು. ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಕಥೆ ಉಲ್ಟಾ. ಡಿವೋರ್ಸ್ ಆದವರಿಗೆ ಮಾತ್ರ ಇಂಥ ಹೊರೆ ಹಾಕುವ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 1995ರಲ್ಲಿ ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಚೈಲ್ಡ್ ಸಪೋರ್ಟ್ ಸಾಮಾನ್ಯವಾಗಿ 18ಕ್ಕೆ ನಿಲ್ಲುತ್ತದೆ. ಹೈಸ್ಕೂಲು ಮುಗಿದಿರದಿದ್ದರೆ 19ರ ತನಕ. ಕಾಲೇಜಿನ ಖರ್ಚು ಡಿವೋರ್ಸ್ ಒಪ್ಪಂದದಲ್ಲಿ ಬರೆದಿದ್ದರೆ ಸರಿ, ಬರೆದಿಲ್ಲದಿದ್ದರೆ ಕೇಳಲು ಗಟ್ಟಿ ಆಧಾರ ಇರುವುದಿಲ್ಲ. ಡಿವೋರ್ಸ್ ಮಾತುಕತೆ ಈಗ ನಡೆಯುತ್ತಿರುವ ಮನೆಯಾದರೆ, ಮಗು ಇನ್ನೂ ಚಿಕ್ಕದು ಅಂತ ಬಿಡಬೇಡಿ. ಕಾಲೇಜಿನ ಖರ್ಚನ್ನು ಒಪ್ಪಂದದಲ್ಲಿ ಬರೆಸಿ. ಅರ್ಜಿಯಲ್ಲಿ ಯಾರ ಆದಾಯ ಬರಬಹುದು ಎಂದು ವಕೀಲರಿಗೆ ಮೊದಲೇ ಹೇಳಿಡಿ.

ಬೇರೆ ಆಗಿದ್ದೇವೆ ಎಂದರೆ ಏನು?

ಕೋರ್ಟಿನ ಕಾಗದ ಬೇಕಿಲ್ಲ. ಗಂಡ ಹೆಂಡತಿ ಸಂಬಂಧ ಮುಗಿದು, ಬೇರೆ ಬೇರೆ ಮನೆಯಲ್ಲಿ ಇದ್ದರೆ ಫಾಫ್ಸಾ ಅದನ್ನು ಬೇರೆಯಾಗಿರುವುದು ಎಂದೇ ಒಪ್ಪುತ್ತದೆ. ಇದು ನಮ್ಮವರಿಗೆ ಬಹಳ ಉಪಯೋಗದ ವಿಷಯ. ಎಷ್ಟೋ ಜೋಡಿಗಳ ಕೇಸು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೌಟುಂಬಿಕ ನ್ಯಾಯಾಲಯದಲ್ಲಿ ನಡೆಯುತ್ತಿರುತ್ತದೆ. ತೀರ್ಪು ಬರಲು ವರ್ಷಗಳೇ ಹಿಡಿಯಬಹುದು. ಅದಕ್ಕೆ ಕಾಯಬೇಕಿಲ್ಲ.

ಉಲ್ಟಾ ಪ್ರಕರಣವೂ ಇದೆ. ಡಿವೋರ್ಸ್ ಆಗಿದೆ, ಆದರೆ ಬಾಡಿಗೆ ದುಬಾರಿ ಅಂತ ಇಬ್ಬರೂ ಒಂದೇ ಮನೆಯಲ್ಲಿ ಮಹಡಿ ಹಂಚಿಕೊಂಡು ಇದ್ದಾರೆ. ಆಗ ಇಬ್ಬರ ಆದಾಯವೂ ಹಾಕಬೇಕು. ಫಾಫ್ಸಾದ ಕಣ್ಣಿಗೆ ಅದು ಒಂದೇ ಮನೆ.

ಇನ್ನೊಂದು, ಅಮ್ಮ ಮಕ್ಕಳ ಜೊತೆ ಸಿಯಾಟಲ್‌ನಲ್ಲಿ, ಅಪ್ಪ ಕೆಲಸಕ್ಕೆಂದು ಬೆಂಗಳೂರಿಗೆ ವಾಪಸ್ ಹೋಗಿ ನಾಲ್ಕು ವರ್ಷ. ಸಂಬಂಧ ಚೆನ್ನಾಗಿಯೇ ಇದೆ. ದೂರ ಇದ್ದಾರೆ ಅಂತ ಇದನ್ನು ಬೇರೆಯಾಗಿರುವುದು ಎಂದು ಬರೆಯುವಂತಿಲ್ಲ. ಇಬ್ಬರದೂ ಹಾಕಬೇಕು. ಸುಳ್ಳು ಬರೆದರೆ 20,000 ಡಾಲರ್ ತನಕ ದಂಡ, ಜೈಲು, ಅಥವಾ ಎರಡೂ ಆಗಬಹುದು ಎಂದು ಅರ್ಜಿಯೇ ಎಚ್ಚರಿಸುತ್ತದೆ.

ಮದುವೆಯ ಸ್ಥಿತಿಯನ್ನು ಅರ್ಜಿಗೆ ಸಹಿ ಹಾಕುವ ದಿನ ಇದ್ದಂತೆ ಬರೆಯಬೇಕು. ಆದಾಯ ಮಾತ್ರ ಎರಡು ವರ್ಷ ಹಿಂದಿನದು. 2026-27ರ ಅರ್ಜಿ 2024ರ ಟ್ಯಾಕ್ಸ್ ನೋಡುತ್ತದೆ. ಇಲ್ಲಿ ಒಂದು ಗಂಟು ಬೀಳುತ್ತದೆ. 2024ರಲ್ಲಿ ಇಬ್ಬರೂ ಸೇರಿ ಜಂಟಿ ರಿಟರ್ನ್ ಹಾಕಿದ್ದೀರಿ, 2025ರಲ್ಲಿ ಬೇರೆಯಾದಿರಿ. ಈಗ ಆ ಒಂದೇ ರಿಟರ್ನ್‌ನಿಂದ ಒಬ್ಬರ ಪಾಲನ್ನು ಬಿಡಿಸಿ ಕೊಡಬೇಕು. ವರ್ಷದ ಸಂಬಳ ತೋರಿಸುವ ಡಬ್ಲ್ಯು-2 ಕಾಗದಗಳನ್ನು ಎಸೆಯದೆ ಇಟ್ಟಿದ್ದರೆ ಈ ಕೆಲಸ ಸುಲಭ. ಗೊಂದಲವಾದರೆ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಫೋನ್ ಮಾಡಿ. ಬೇರೆಯಾದ ಮೇಲೆ ಮನೆಯ ಆದಾಯ ಕುಸಿದಿದ್ದರೆ, ಕಾಗದ ತೋರಿಸಿದಾಗ ಲೆಕ್ಕವನ್ನು ತಿದ್ದುವ ಅಧಿಕಾರ ಆ ಕಚೇರಿಗೆ ಇದೆ. ಅವರು ತಾವಾಗಿ ಕೇಳುವುದಿಲ್ಲ, ನೀವೇ ಹೇಳಬೇಕು.

ಹೊಸ ಮದುವೆ, ಹೊಸ ಆದಾಯ

ಫಾಫ್ಸಾದ ಪೋಷಕರು ಮತ್ತೆ ಮದುವೆಯಾಗಿದ್ದರೆ ಅವರ ಹೊಸ ಸಂಗಾತಿಯ ಆದಾಯವೂ ಬರುತ್ತದೆ. ಆಕೆ ಅಥವಾ ಆತ ಈ ಮಗುವಿಗೆ ಒಂದು ಡಾಲರ್ ಕೊಡುವುದಿಲ್ಲ ಎಂದು ಮದುವೆಗೆ ಮುಂಚೆ ಒಪ್ಪಂದ ಮಾಡಿಕೊಂಡಿದ್ದರೂ ಸರಿ, ಬರುತ್ತದೆ. ಇನ್ನೊಬ್ಬ ಪೋಷಕರು, ಅಂದರೆ ಫಾಫ್ಸಾದಲ್ಲಿ ಇಲ್ಲದವರು, ಮದುವೆಯಾಗಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಅವರ ಆದಾಯವನ್ನೇ ಕೇಳದ ಮೇಲೆ ಅವರ ಸಂಗಾತಿಯದ್ದು ಎಲ್ಲಿಂದ ಬರಬೇಕು.

ಸಹಿ ಹಾಕದಿದ್ದರೆ?

ಅರ್ಜಿಯಲ್ಲಿ ಮಾಹಿತಿ ಕೊಡಬೇಕಾದ ಪ್ರತಿಯೊಬ್ಬರಿಗೂ ಸ್ಟೂಡೆಂಟ್‌ಏಡ್ ವೆಬ್‌ಸೈಟಿನಲ್ಲಿ ಸ್ವಂತ ಖಾತೆ ಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರೂ ಖಾತೆ ತೆರೆಯಬಹುದು. ಹಾಗಾಗಿ ಫಾಫ್ಸಾದ ಪೋಷಕರು ಧಾರವಾಡದಲ್ಲಿ ಇದ್ದರೂ ಅರ್ಜಿ ನಿಲ್ಲುವುದಿಲ್ಲ. ರೂಪಾಯಿಯ ಆದಾಯವನ್ನು ಡಾಲರಿಗೆ ಬದಲಿಸಿ ತಾವೇ ಬರೆಯಬೇಕು.

ಮುಖ್ಯವಾದದ್ದು ಒಪ್ಪಿಗೆ. ಟ್ಯಾಕ್ಸ್ ಮಾಹಿತಿಯನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ನೇರವಾಗಿ ತರಿಸಿಕೊಳ್ಳಲು ಪ್ರತಿಯೊಬ್ಬರೂ ಒಪ್ಪಿಗೆ ಕೊಡಬೇಕು. ಅಮೆರಿಕದಲ್ಲಿ ಟ್ಯಾಕ್ಸೇ ಕಟ್ಟದವರೂ ಆ ಗುಂಡಿ ಒತ್ತಬೇಕು. ಒಬ್ಬರು ಒಪ್ಪದಿದ್ದರೂ ಲೆಕ್ಕ ಮುಂದೆ ಹೋಗುವುದಿಲ್ಲ, ಮಗುವಿಗೆ ಪೆಲ್ ಸಿಗುವುದಿಲ್ಲ. "ನನ್ನ ಸಂಬಳ ಅವಳಿಗೆ ಗೊತ್ತಾಗುತ್ತೆ" ಎಂಬ ಭಯದಿಂದ ಕೆಲವರು ಹಿಂಜರಿಯುತ್ತಾರೆ. ಆ ಭಯ ಬೇಡ. ಐಆರ್‌ಎಸ್‌ನಿಂದ ಬಂದ ಅಂಕಿಗಳು ಮಗುವಿಗೂ ಕಾಣುವುದಿಲ್ಲ, ಮಾಜಿ ಸಂಗಾತಿಗೂ ಕಾಣುವುದಿಲ್ಲ. ಇದನ್ನು ಮಗುವಿನ ಬಾಯಲ್ಲಿ ಹೇಳಿಸಬೇಡಿ. ದೊಡ್ಡವರೇ ದೊಡ್ಡವರಿಗೆ ಒಂದು ಮೆಸೇಜ್ ಹಾಕಿ ತಿಳಿಸಿದರೆ ಒಳ್ಳೆಯದು ಅಲ್ವಾ?

ಅಷ್ಟಾದರೂ ಒಪ್ಪದಿದ್ದರೆ ಮಗುವಿಗೆ ಉಳಿಯುವುದು ಬಡ್ಡಿ ಮೊದಲ ದಿನದಿಂದಲೇ ಓಡುವ ಕೇಂದ್ರದ ಸಾಲ ಮಾತ್ರ. ಮೊದಲ ವರ್ಷಕ್ಕೆ ಹೆಚ್ಚೆಂದರೆ 5,500 ಡಾಲರ್. ಅದಕ್ಕೂ ಕಾಲೇಜು ಒಪ್ಪಬೇಕು. ಪೋಷಕರು ಸಹಾಯ ಮಾಡುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಮಗುವನ್ನು ಸ್ವತಂತ್ರ ವಿದ್ಯಾರ್ಥಿ ಎಂದು ಪರಿಗಣಿಸುವುದಿಲ್ಲ. ಅದಕ್ಕೆ 24 ವರ್ಷ ಆಗಿರಬೇಕು, ಇಲ್ಲವೇ ಮದುವೆ ಆಗಿರಬೇಕು, ಇಲ್ಲವೇ ಸೈನ್ಯದಲ್ಲಿ ಸೇವೆ ಮಾಡಿರಬೇಕು, ಹೀಗೆ ಗಟ್ಟಿ ಕಾರಣ ಬೇಕು. ಆದರೆ ಮನೆಯಲ್ಲಿ ಹಿಂಸೆ ಇದ್ದು ಹೊರಗೆ ಬಂದಿದ್ದರೆ, ಪೋಷಕರು ಎಲ್ಲಿದ್ದಾರೆಂದೇ ತಿಳಿಯದಿದ್ದರೆ, ಅದು ಬೇರೆ ಮಾತು. ಅಂಥ ಅಸಾಮಾನ್ಯ ಪರಿಸ್ಥಿತಿ ಇದೆ ಎಂದು ಅರ್ಜಿಯಲ್ಲೇ ಗುರುತು ಹಾಕಿ, ಪೋಷಕರ ಮಾಹಿತಿ ಇಲ್ಲದೆ ಕಳಿಸಬಹುದು. ಆಮೇಲೆ ಕಾಲೇಜು ದಾಖಲೆ ನೋಡಿ ತೀರ್ಮಾನ ಮಾಡುತ್ತದೆ.

ಚೈಲ್ಡ್ ಸಪೋರ್ಟ್, ಊರಿನ ಸೈಟು

ಪಡೆದ ಚೈಲ್ಡ್ ಸಪೋರ್ಟ್ ಮೊದಲು ಆದಾಯದ ಸಾಲಿನಲ್ಲಿತ್ತು. ಈಗ ಅದು ಆಸ್ತಿಯ ಸಾಲಿಗೆ ಹೋಗಿದೆ. ಆದಾಯಕ್ಕಿಂತ ಆಸ್ತಿಯ ಮೇಲಿನ ಹೊರೆ ಕಡಿಮೆ, ಹಾಗಾಗಿ ಪಡೆಯುವವರಿಗೆ ಇದು ಒಳ್ಳೆಯ ಬದಲಾವಣೆ.

ನೀವು ವಾಸ ಮಾಡುವ ಮನೆಯನ್ನು ಫಾಫ್ಸಾ ಕೇಳುವುದಿಲ್ಲ. ನಿವೃತ್ತಿ ಖಾತೆಯನ್ನೂ ಕೇಳುವುದಿಲ್ಲ. ಆದರೆ ಮೈಸೂರಿನಲ್ಲಿ ತೆಗೆದಿಟ್ಟ ಸೈಟು, ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು ವಾಸದ ಮನೆ ಅಲ್ಲ. ಅದು ಹೂಡಿಕೆ, ಬರೆಯಬೇಕು. ಡಿವೋರ್ಸ್ ಆದರೂ ಇಬ್ಬರ ಹೆಸರಲ್ಲೇ ಉಳಿದ ಆಸ್ತಿ ಬಹಳ ಇರುತ್ತದೆ ನಮ್ಮಲ್ಲಿ. ಆಗ ಫಾಫ್ಸಾದ ಪೋಷಕರ ಪಾಲು ಎಷ್ಟೋ ಅಷ್ಟು ಮಾತ್ರ.

ಖಾಸಗಿ ಕಾಲೇಜು ಇಬ್ಬರನ್ನೂ ಕೇಳುತ್ತದೆ

ಇಲ್ಲಿಯವರೆಗೆ ಹೇಳಿದ್ದು ಸರ್ಕಾರದ ಅರ್ಜಿ. ಬಹಳಷ್ಟು ಖಾಸಗಿ ಕಾಲೇಜುಗಳು ತಮ್ಮ ಸ್ವಂತ ಹಣ ಹಂಚಲು ಇನ್ನೊಂದು ಅರ್ಜಿ ಕೇಳುತ್ತವೆ. ಅದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಸಿಎಸ್‌ಎಸ್ ಪ್ರೊಫೈಲ್. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿಯೊಂದಕ್ಕೆ 16. ಮನೆಯ ಆದಾಯ ಒಂದು ಲಕ್ಷ ಡಾಲರ್ ಒಳಗಿದ್ದರೆ ಉಚಿತ. ಎಚ್-4 ಮಕ್ಕಳಿಗೂ ನೆರವು ಕೊಡುವ ಕೆಲವು ಕಾಲೇಜುಗಳು ಇದನ್ನೇ ಕೇಳುವುದರಿಂದ ಆ ಮನೆಗಳೂ ಇದನ್ನು ತಿಳಿದಿರಬೇಕು.

ಡಿವೋರ್ಸ್ ಆದ ಮನೆಗೆ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಪ್ರೊಫೈಲ್ ಬಳಸುವ ಅನೇಕ ಕಾಲೇಜುಗಳು ಇನ್ನೊಬ್ಬ ಪೋಷಕರಿಂದಲೂ ಪ್ರತ್ಯೇಕ ಅರ್ಜಿ ಕೇಳುತ್ತವೆ. ಬೇರೆಯಾಗಿ ಹತ್ತು ವರ್ಷ ಆಗಿರಲಿ, ಮಗು ಇಬ್ಬರ ಜವಾಬ್ದಾರಿ ಎಂಬುದು ಅವುಗಳ ನಿಲುವು. ವಾಸದ ಮನೆಯ ಬೆಲೆಯನ್ನೂ ಹಲವು ಕಾಲೇಜುಗಳು ನೋಡುತ್ತವೆ. ಎಲ್ಲ ಕಾಲೇಜೂ ಒಂದೇ ಥರ ಅಲ್ಲ. ಕೆಲವು ಇನ್ನೊಬ್ಬ ಪೋಷಕರನ್ನು ಕೇಳುವುದೇ ಇಲ್ಲ. ಕಾಲೇಜುಗಳ ಪಟ್ಟಿ ಮಾಡುವಾಗಲೇ ಇದನ್ನು ನೋಡಿಕೊಳ್ಳಿ. ಇಬ್ಬರೂ ತಮ್ಮ ತಮ್ಮ ಖಾತೆಯಲ್ಲಿ ತುಂಬುವುದರಿಂದ ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಫಾಫ್ಸಾದಲ್ಲಿ ಬರೆದ ಉತ್ತರವನ್ನು ಸುಮ್ನೆ ಇಲ್ಲಿ ನಕಲು ಮಾಡಬೇಡಿ. ಪ್ರೊಫೈಲ್ ತನ್ನದೇ ರೀತಿಯಲ್ಲಿ ಪ್ರಶ್ನೆ ಕೇಳುತ್ತದೆ, ಅದನ್ನು ಓದಿ ಉತ್ತರಿಸಿ.

ಇನ್ನೊಬ್ಬ ಪೋಷಕರ ಜೊತೆ ಸಂಪರ್ಕವೇ ಇಲ್ಲದಿದ್ದರೆ ವಿನಾಯಿತಿ ಕೇಳಬಹುದು. ಅದಕ್ಕೆ ಅರ್ಜಿ ಇದೆ. ತೀರ್ಮಾನ ಆಯಾ ಕಾಲೇಜಿನದ್ದೇ. ಒಂದು ಕಾಲೇಜು ಕೊಟ್ಟಿತು ಅಂತ ಇನ್ನೊಂದು ಕೊಡಬೇಕೆಂದಿಲ್ಲ. ಕೊಡಲು ಮನಸ್ಸಿಲ್ಲ ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ವರ್ಷಗಳಿಂದ ಮಾತಿಲ್ಲ, ಹಣವಿಲ್ಲ, ಎಲ್ಲಿದ್ದಾರೋ ಗೊತ್ತಿಲ್ಲ, ಹಿಂಸೆಯ ಇತಿಹಾಸ ಇದೆ, ಕೋರ್ಟಿನ ರಕ್ಷಣಾ ಆದೇಶ ಇದೆ, ಇಂಥವು ಬೇಕು. ಜೊತೆಗೆ ಮನೆಯ ಹೊರಗಿನವರ ಪತ್ರ ಬೇಕಾಗುತ್ತದೆ.

ಈ ಪತ್ರದ ವಿಷಯದಲ್ಲಿ ನಮ್ಮ ಮನೆಗಳು ಸೋಲುತ್ತವೆ. ಅಜ್ಜಿ, ಮಾವ ಬರೆದ ಪತ್ರಕ್ಕೆ ತೂಕ ಇಲ್ಲ. ಶಾಲೆಯ ಕೌನ್ಸೆಲರ್, ಟೀಚರ್, ಡಾಕ್ಟರ್, ದೇವಸ್ಥಾನದ ಅರ್ಚಕರು, ಸಮಾಜ ಸೇವಕರು ಬರೆದರೆ ತೂಕ ಇದೆ. ಆದರೆ ಅಪ್ಪ ಬಿಟ್ಟುಹೋದದ್ದನ್ನು ಶಾಲೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. "ಕೆಲಸಕ್ಕೆ ಊರಿಗೆ ಹೋಗಿದ್ದಾರೆ" ಎಂದೇ ಆರು ವರ್ಷ ಹೇಳಿಕೊಂಡು ಬಂದಿರುತ್ತಾರೆ. ಕೊನೆಗೆ ನಿಜ ಗೊತ್ತಿರುವ ಹೊರಗಿನವರು ಒಬ್ಬರೂ ಸಿಗುವುದಿಲ್ಲ. ಮಗು ಹತ್ತನೇ ಕ್ಲಾಸಿನಲ್ಲಿ ಇರುವಾಗಲೇ ಕೌನ್ಸೆಲರ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ ಎಂದು ನಾನು ಬೇಡಿಕೊಳ್ಳುತ್ತೇನೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಕೌನ್ಸೆಲರ್‌ಗೆ ಇಂಥ ಮನೆಗಳು ಹೊಸದಲ್ಲ.

ಪ್ರತಿ ವರ್ಷ ಹೊಸ ಲೆಕ್ಕ

ಫಾಫ್ಸಾ ಒಂದು ಸಲ ಹಾಕಿ ಮುಗಿಯುವುದಿಲ್ಲ. ಕಾಲೇಜಿನ ಪ್ರತಿ ವರ್ಷಕ್ಕೂ ಹಾಕಬೇಕು. ಯಾರು ಜಾಸ್ತಿ ಖರ್ಚು ಮಾಡಿದರು ಎಂಬ ಪ್ರಶ್ನೆಯೂ ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಇದು ಬಹಳ ಜನ ಗಮನಿಸದ ಸಂಗತಿ.

ಫ್ರೀಮಾಂಟ್‌ನ ಆ ಹುಡುಗಿಯ ಲೆಕ್ಕಕ್ಕೆ ವಾಪಸ್ ಬನ್ನಿ. ಹನ್ನೆರಡನೇ ಕ್ಲಾಸಿನಲ್ಲಿ ಅರ್ಜಿ ಹಾಕಿದಾಗ ಅಪ್ಪ ಫಾಫ್ಸಾದ ಪೋಷಕರು. ಅವಳಿಗೆ 18 ತುಂಬಿ, ಹೈಸ್ಕೂಲು ಮುಗಿದು, ಚೈಲ್ಡ್ ಸಪೋರ್ಟ್ ನಿಂತಿತು. ಅಪ್ಪ ಕಾಲೇಜಿಗೆ ಏನೂ ಕೊಡಲಿಲ್ಲ. ರಜೆಯಲ್ಲಿ ಊಟ, ಫೋನು, ಪುಸ್ತಕ, ಫೀಸಿನ ಪಾಲು ಎಲ್ಲ ಅಮ್ಮನದ್ದು. ಈಗ ಹಿಂದಿನ ಹನ್ನೆರಡು ತಿಂಗಳು ನೋಡಿದರೆ ಜಾಸ್ತಿ ಖರ್ಚು ಮಾಡಿದವರು ಅಮ್ಮ. ಆ ವರ್ಷದ ಅರ್ಜಿಯಲ್ಲಿ ಅಮ್ಮನ ಹೆಸರು ಬರಬೇಕು, 42,000ದ ಸಂಬಳ ಬರಬೇಕು, ಪೆಲ್ ಸಿಗಬೇಕು. ಹೋದ ವರ್ಷದ ಹೆಸರನ್ನೇ ಮತ್ತೆ ಹಾಕಿದರೆ ಆ 7,395 ಡಾಲರ್ ಕೈಬಿಟ್ಟು ಹೋಗುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಯಾವ ತಿಂಗಳು ಯಾರು ಏನಕ್ಕೆ ಎಷ್ಟು ಕೊಟ್ಟರು ಎಂದು ಬರೆಯುತ್ತ ಹೋಗಿ, ಬ್ಯಾಂಕಿನ ಚೀಟಿ ಜೊತೆಗಿಡಿ. ಕಾಲೇಜು ಕೇಳಿದರೆ ತೋರಿಸಬಹುದು. ಅರ್ಜಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಕೇಂದ್ರದ ಕೊನೆಯ ದಿನ ಆ ಶೈಕ್ಷಣಿಕ ವರ್ಷ ಮುಗಿಯುವ ಜೂನ್ 30, ಆದರೆ ಅದನ್ನು ನಂಬಿ ಕೂರಬೇಡಿ. ಕ್ಯಾಲಿಫೋರ್ನಿಯಾ ರಾಜ್ಯ ಕೊಡುವ ಕ್ಯಾಲ್ ಗ್ರಾಂಟ್ ಬೇಕಾದವರು ಮಾರ್ಚ್ ಮೊದಲ ವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕಾಲೇಜುಗಳ ಗಡುವು ಅದಕ್ಕಿಂತಲೂ ಮುಂಚೆ ಇರಬಹುದು. ಇನ್ನೊಬ್ಬ ಪೋಷಕರು ಬೆಳಗಾವಿಯಲ್ಲೋ ಬೋಸ್ಟನ್‌ನಲ್ಲೋ ಇದ್ದರೆ, ಅವರ ಖಾತೆ ತೆರೆಯುವ ಕೆಲಸವನ್ನು ಸೆಪ್ಟೆಂಬರ್‌ನಲ್ಲೇ ಮುಗಿಸಿಕೊಳ್ಳಿ.